ಗುಂಡಿಗೆ ಬೀಳದ ಹುಡುಗಿ

ಬುಧವಾರ ಒಂದನ್ನು ಬಿಟ್ಟರೆ ಮರಿತ್‌ಗೆ ಶಾಲೆ ಎಂದರೆ ಹೊಟ್ಟೆನೋವು. ನೆಪದ ನೋವಲ್ಲ. ಬೆಳಿಗ್ಗೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ, ಚಾಕಲೇಟಿನ ಚೂರು ಉದುರಿಸಿ ಮುಂದಿಟ್ಟರೆ ಒಂದು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದಳು. ಮುಖ ಬಿಳಚಿಕೊಂಡಿರುತ್ತಿತ್ತು. ತಾಯಿ ಬೌಕ್ಯೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಮ್ಮ ಬಂದರೂರು ಹಾರ್ಲಿಂಗನ್ನಿನ ಡಾಕ್ಟರರಿಗೆ ನೀವು ತಲೆ ಕಡಿದುಕೊಂಡು ಹೋದರೂ ಪ್ಯಾರಸಿಟಮಾಲ್ ನುಂಗಿ ಎರಡು ವಾರ ಬಿಟ್ಟು ಬನ್ನಿ ಎನ್ನುವ ಅಭ್ಯಾಸ. ಅದನ್ನೇ ಹೇಳಿ ಕಳಿಸಿದರು. ಕೊನೆಗೆ ಹುಡುಗಿಯೇ ಒಂದು ದಿನ ಬಾಯಿಬಿಟ್ಟಳು: “ಅಮ್ಮಾ, ಅಲ್ಲಿ ದಿನವಿಡೀ ಕಾಯೋದೇ ಕೆಲಸ.”

ಹತ್ತು ವರ್ಷದ ಮಗು. ಲೆಕ್ಕ ಓದಿ ಮುಗಿಸುವಷ್ಟರಲ್ಲಿ ಅವಳಿಗೆ ಉತ್ತರ ಹೊಳೆದಿರುತ್ತಿತ್ತು. ಆಮೇಲೆ ಉಳಿದವರೆಲ್ಲ ಮುಗಿಸುವವರೆಗೆ ಕೈಕಟ್ಟಿ ಕೂರಬೇಕು. ಅವರು ಮುಗಿಸಿದ ಮೇಲೆ ಅಂಥದ್ದೇ ಇನ್ನೊಂದು ಲೆಕ್ಕ, ಮತ್ತೆ ಕೈಕಟ್ಟಿ ಕೂರುವುದು. ನಾವು ದೊಡ್ಡವರು ಬಸ್ಸಿಗೆ ಹತ್ತು ನಿಮಿಷ ಕಾಯಬೇಕಾದರೆ ಊರಿಗೆಲ್ಲ ಶಾಪ ಹಾಕುತ್ತೇವೆ. ಈ ಮಗು ವರ್ಷಗಟ್ಟಲೆ ಕಾದಿತ್ತು.

ಬೇಸಿಗೆ ರಜೆ ಕಳೆದ ಮೇಲೆ ಶಾಲೆಯವರು ಅವಳನ್ನು ಪ್ಲಸ್ ಕ್ಲಾಸಿಗೆ ಸೇರಿಸಿಕೊಂಡರು. ಲೆಕ್ಕದಲ್ಲಿ ಚುರುಕಾದ ಒಂದಷ್ಟು ಮಕ್ಕಳನ್ನು ಬುಧವಾರ ಬೆಳಿಗ್ಗೆ ಬೇರೆ ಕೋಣೆಯಲ್ಲಿ ಕೂರಿಸಿ, ತಲೆಗೆ ಕೆಲಸ ಕೊಡುವಂಥ ಲೆಕ್ಕಗಳನ್ನು ಮಾಡಿಸುವ ತರಗತಿ ಅದು. ಮೊದಲ ಬುಧವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಮರಿತ್ ನೇರ ಬಂದರಿಗೆ ಸೈಕಲ್ ಹೊಡೆದಳು. ಬೌಕ್ಯೆ ಅಲ್ಲಿನ ಮೀನಂಗಡಿಯಲ್ಲಿ ಮೀನು ಕರಿಯುವವಳು. ಬಾಣಲೆಯ ಮುಂದೆ ನಿಂತಿದ್ದವಳನ್ನು ಮಗಳು ಏದುಸಿರು ಬಿಡುತ್ತ ಕೇಳಿದಳು: “ಅಮ್ಮಾ, ಗಡಿಯಾರದ ಎರಡು ಮುಳ್ಳು ದಿನಕ್ಕೆ ಎಷ್ಟು ಸಲ ಒಂದರ ಮೇಲೊಂದು ಬರುತ್ತೆ ಹೇಳು. ಇಪ್ಪತ್ನಾಲ್ಕು ಅನ್ಬೇಡ. ಎಲ್ರೂ ಅದನ್ನೇ ಅಂತಾರೆ. ಇಪ್ಪತ್ತೆರಡು. ಯಾಕೆ ಅಂತ ಹೇಳ್ಲಾ?”

ಅವಳು ಹೇಳಿದ್ದು ಬೌಕ್ಯೆಗೆ ಅರ್ಧ ಅರ್ಥವಾಯಿತು, ಅರ್ಧ ಎಣ್ಣೆಯ ಸದ್ದಿನಲ್ಲಿ ಹೋಯಿತು. ಆದರೆ ಮಾತಾಡುತ್ತ ಮಾತಾಡುತ್ತ ಹುಡುಗಿ ಒಂದು ಪೊಟ್ಟಣ ಕರಿದ ಮೀನು ಪೂರ್ತಿ ಖಾಲಿ ಮಾಡಿದ್ದನ್ನು ಅವಳು ನೋಡಿದಳು. ಅವಳಿಗೆ ಅಷ್ಟು ಸಾಕಾಗಿತ್ತು. ವಾರಕ್ಕೆ ಒಂದು ಬುಧವಾರವಾದರೂ ಇರಲಿ, ಉಳಿದ ನಾಲ್ಕು ದಿನ ಅದರ ಬಲದ ಮೇಲೆ ದೂಡಿಬಿಡುತ್ತಾಳೆ ಎಂದುಕೊಂಡಳು.

ಈಗ ಆ ಗುಂಡಿಯ ವಿಚಾರ ಹೇಳಬೇಕು.

ಪ್ಲಸ್ ಕ್ಲಾಸಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ. ಚಿತ್ರದಲ್ಲೊಂದು ಗುಂಡಿ. ಗುಂಡಿಯ ಈ ದಂಡೆಯಲ್ಲಿ ‘ಶುರುಮಾಡಿದೆ’ ಎಂದು ಬರೆದಿದೆ, ತಳದಲ್ಲಿ ‘ನನಗೆ ಬರುವುದಿಲ್ಲ’ ಎಂದು, ಆ ದಂಡೆಯಲ್ಲಿ ‘ಬಂತು’ ಎಂದು. ಪ್ರತಿ ಮಗುವಿನ ಹೆಸರು ಬರೆದ ಬಟ್ಟೆ ಕ್ಲಿಪ್ಪುಗಳಿವೆ. ಲೆಕ್ಕ ಮಾಡುತ್ತ ಮಾಡುತ್ತ ಮಕ್ಕಳು ಎದ್ದು ಬಂದು ತಾವು ಎಲ್ಲಿದ್ದೇವೋ ಅಲ್ಲಿ ತಮ್ಮ ಕ್ಲಿಪ್ಪು ಸಿಕ್ಕಿಸಬೇಕು. ಬುದ್ಧಿವಂತ ಮಕ್ಕಳಿಗೆ ಸೋತು ಅಭ್ಯಾಸವಿರುವುದಿಲ್ಲ, ಮುಂದೆ ದೊಡ್ಡ ಶಾಲೆಯಲ್ಲಿ ಮೊದಲ ಸಲ ಎಡವಿದಾಗ ಮುರಿದುಬೀಳುತ್ತಾರೆ, ಆದ್ದರಿಂದ ಈಗಲೇ ಅವರನ್ನು ಗುಂಡಿಗೆ ಬೀಳಿಸಿ ಹತ್ತಿಬರುವುದನ್ನು ಕಲಿಸಬೇಕು. ಇದು ಆ ಕ್ಲಾಸು ನಡೆಸುವ ಕೊರಿನ್ ಮಿಸ್ಸಿನ ನಂಬಿಕೆ. ಅವಳೊಬ್ಬಳದ್ದಲ್ಲ, ಈ ದೇಶದ ಮೇಷ್ಟರುಗಳು ಎಲ್ಲೆಲ್ಲೋ ತರಬೇತಿಗೆ ಹೋಗಿ ಈ ಗುಂಡಿಯನ್ನು ಹೊತ್ತುಕೊಂಡು ಬರುತ್ತಾರೆ. ಕೇಳುವುದಕ್ಕೇನೋ ಚೆನ್ನಾಗಿಯೇ ಇದೆ. ಗುಂಡಿಯನ್ನು ಒಂದೇ ನೆಗೆತಕ್ಕೆ ದಾಟುವ ಮಗು ಬಂದರೆ ಏನು ಮಾಡಬೇಕೆಂದು ಮಾತ್ರ ಆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ.

ನವೆಂಬರಿನಲ್ಲಿ ತಂದೆತಾಯಿಯರನ್ನು ಮಾತಿಗೆ ಕರೆದರು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಹತ್ತು ಎಂದರೆ ಹತ್ತೇ. ಬೌಕ್ಯೆಯ ಗಂಡ ವೊಪ್ಕೆ, ಎದುರಿನ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಹಗ್ಗ ಎಳೆಯುವ ಕೆಲಸದವನು, ಆ ಹೊತ್ತಿಗೆ ನೀರಿನ ಮೇಲಿದ್ದ. ಬೌಕ್ಯೆ ಒಬ್ಬಳೇ ಹೋಗಿ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಳು.

“ಮರಿತ್ ತುಂಬಾ ಒಳ್ಳೆ ಹುಡುಗಿ,” ಎಂದಳು ಕೊರಿನ್ ಮಿಸ್, ಮೆತ್ತಗೆ.

ಇಂಥ ಮಾತಿನ ಬೆನ್ನಿಗೇ ಒಂದು ‘ಆದರೆ’ ಇರುತ್ತದೆಂದು ಬೌಕ್ಯೆಗೆ ಗೊತ್ತಿತ್ತು.

“ಆದ್ರೆ ಅವಳು ಗುಂಡಿಗೇ ಬೀಳ್ತಿಲ್ಲ, ಬೌಕ್ಯೆ.”

“ಬೀಳದಿದ್ರೆ ಒಳ್ಳೇದೇ ಅಲ್ವಾ?”

“ಅಯ್ಯೋ, ಹಾಗಲ್ಲ. ಹೋದ ತಿಂಗಳು ಒಂದು ಲೆಕ್ಕ ಕೊಟ್ಟಿದ್ದೆ. ಒಂದು ಕ್ಲಾಸಿನಲ್ಲಿ ಇಪ್ಪತ್ತೈದು ಕುರ್ಚಿ. ಐದು ಸಾಲು, ಸಾಲಿಗೆ ಐದು. ಪ್ರತಿ ಕುರ್ಚೀಲೂ ಒಂದು ಮಗು. ಎಲ್ರೂ ಒಟ್ಟಿಗೆ ಎದ್ದು ತಮ್ಮ ಎಡಕ್ಕೋ ಬಲಕ್ಕೋ ಮುಂದಕ್ಕೋ ಹಿಂದಕ್ಕೋ ಇರೋ ಕುರ್ಚೀಲಿ ಕೂರಬೇಕು. ಯಾರೂ ನಿಂತಿರಬಾರದು. ಹೇಗೆ ಅನ್ನೋದು ಪ್ರಶ್ನೆ.”

“ಹೇಗೆ?”

“ಆಗಲ್ಲ. ಅದಕ್ಕೆ ದಾರೀನೇ ಇಲ್ಲ. ಅದಕ್ಕೇ ಅದನ್ನ ಕೊಡೋದು. ಮಕ್ಕಳು ಮೂರು ಬುಧವಾರ ಒದ್ದಾಡ್ತಾರೆ, ಸಿಟ್ಟು ಮಾಡ್ಕೋತಾರೆ, ಅಳ್ತಾರೆ. ಆಮೇಲೆ ಒಂದು ದಿನ, ಇದು ಆಗೋದೇ ಇಲ್ಲ ಅಂತ ತಾವಾಗೇ ಕಂಡ್ಕೋತಾರೆ. ನೋಡೋಕೆ ಎಷ್ಟು ಚೆಂದ ಗೊತ್ತಾ?”

“ಮರಿತ್ ಏನು ಮಾಡಿದ್ಲು?”

“ಹಾಳೆ ಕೈಗೆ ಬಂದ ತಕ್ಷಣ ಆಗಲ್ಲ ಅಂದ್ಲು. ಯಾಕೆ ಆಗಲ್ಲ ಅಂತ ಜೋರಾಗಿ ಹೇಳೂಬಿಟ್ಲು. ಉಳಿದ ಮಕ್ಕಳೆಲ್ಲ ಪೆನ್ಸಿಲ್ ಕೆಳಗಿಟ್ರು.”

“ಅವಳು ಹೇಳಿದ್ದು ಸರಿ ತಾನೇ?”

“ಸರಿ,” ಎಂದು ಕೊರಿನ್ ಮಿಸ್ ನಿಟ್ಟುಸಿರು ಬಿಟ್ಟಳು. “ತೊಂದ್ರೆ ಇರೋದೇ ಅಲ್ಲಿ. ಇಲ್ಲಿ ಉತ್ತರ ಮುಖ್ಯ ಅಲ್ಲ ಬೌಕ್ಯೆ. ದಾರಿ ಮುಖ್ಯ. ಅವಳು ದಾರೀಲಿ ನಡೀಲೇ ಇಲ್ಲ. ಉಳಿದವರ ದಾರೀನೂ ಹಾಳು ಮಾಡಿದ್ಲು. ನಂಗೆ ಅವಳ ಮೇಲೆ ಸಿಟ್ಟೇನಿಲ್ಲ.”

ಸಿಟ್ಟಿಲ್ಲ ಎಂಬ ಮಾತನ್ನು ಅವಳು ಆಮೇಲೂ ಎರಡು ಸಲ ಹೇಳಿದಳು.

“ಹಾಗಿದ್ರೆ ಇನ್ನೂ ಕಷ್ಟದ್ದು ಕೊಡಿ,” ಎಂದಳು ಬೌಕ್ಯೆ.

“ಕೊಟ್ಟೆ. ಅದನ್ನೂ ಮಾಡಿದ್ಲು. ಅದಕ್ಕಿಂತ ಕಷ್ಟದ್ದು ನನ್ನ ಹತ್ರ ಇಲ್ಲ.”

“ನಿಮ್ಮ ಹತ್ರ ಲೆಕ್ಕ ಮುಗಿದ್ರೆ ತಪ್ಪು ಅವಳದ್ದಾ?”

ಕೊರಿನ್ ಮಿಸ್ ಬೌಕ್ಯೆಯ ಕೈಮೇಲೆ ಕೈಯಿಟ್ಟು, ಫೆಬ್ರವರಿ ರಜೆಯವರೆಗೆ ನೋಡೋಣ ಎಂದಳು. ರಜೆಗೆ ಮುಂಚಿನ ಬುಧವಾರ ತಂದೆತಾಯಿಯರೆಲ್ಲ ಬಂದು ಕ್ಲಾಸು ನೋಡುತ್ತಾರೆ. ಅಷ್ಟರೊಳಗೆ ಮರಿತ್ ಗುಂಡಿಗೆ ಬಿದ್ದು ಎದ್ದರೆ ಸರಿ. ಇಲ್ಲದಿದ್ದರೆ ಅವಳಿಗೆ ಈ ಕ್ಲಾಸಿನಿಂದ ಪ್ರಯೋಜನವಿಲ್ಲ ಎಂದಾಯಿತು, ಜಾಗಕ್ಕಾಗಿ ಕಾಯುತ್ತಿರುವ ಬೇರೆ ಮಗುವಿಗೆ ಬಿಟ್ಟುಕೊಡುವುದೇ ನ್ಯಾಯ. ಅಷ್ಟು ಹೇಳುವಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು. ಮುಂದಿನವರು ಬಾಗಿಲಲ್ಲಿ ನಿಂತಿದ್ದರು.

ಸಂಜೆ ಆರಕ್ಕೆ ಸರಿಯಾಗಿ ಊಟದ ಮೇಜು. ಆಲೂಗಡ್ಡೆ ಮತ್ತು ಸೊಪ್ಪನ್ನು ಒಟ್ಟಿಗೆ ಮಸೆದು, ಮೇಲೆ ಸಾಸೇಜು ಇಟ್ಟು ಬಡಿಸಿದ್ದಳು. ಬೌಕ್ಯೆ ಶಾಲೆಯ ಮಾತೆತ್ತಿದಾಗ ವೊಪ್ಕೆ ಮೊದಲು ಆ ಕುರ್ಚಿಯ ಲೆಕ್ಕ ಏನೆಂದು ಕೇಳಿದ.

“ನಮ್ಮ ಅಡುಗೆಮನೆ ನೆಲ ನೋಡಪ್ಪ,” ಎಂದಳು ಮರಿತ್. “ಒಂದು ಕಪ್ಪು ಕಲ್ಲು, ಒಂದು ಬಿಳೀ ಕಲ್ಲು. ಕುರ್ಚಿಗಳಿಗೂ ಹಂಗೇ ಬಣ್ಣ ಹಚ್ಚು. ಮೂಲೇಲಿ ಕಪ್ಪು ಇಟ್ಟು ಶುರು ಮಾಡಿದ್ರೆ ಹದಿಮೂರು ಕಪ್ಪು, ಹನ್ನೆರಡು ಬಿಳಿ. ಕಪ್ಪು ಕುರ್ಚೀಲಿ ಇರೋರು ಪಕ್ಕಕ್ಕೆ ಹೋಗ್ಬೇಕು ಅಂದ್ರೆ ಬಿಳೀದಕ್ಕೇ ಹೋಗ್ಬೇಕು. ಹದಿಮೂರು ಜನ ಹನ್ನೆರಡು ಕುರ್ಚೀಲಿ ಹೆಂಗೆ ಕೂತ್ಕೋತಾರೆ?”

“ಒಬ್ಬ ಇನ್ನೊಬ್ಬನ ತೊಡೆ ಮೇಲೆ,” ಎಂದ ವೊಪ್ಕೆ.

ಹುಡುಗಿ ಬಾಯಲ್ಲಿದ್ದ ಆಲೂಗಡ್ಡೆ ಉಗುಳುವಷ್ಟು ನಕ್ಕಳು. ಬೌಕ್ಯೆಗೆ ನಗು ಬರಲಿಲ್ಲ. “ನಗೋ ವಿಷಯ ಅಲ್ಲ ಕಣೋ ಇದು. ಕ್ಲಾಸಿಂದ ತೆಗೀತಾರಂತೆ,” ಎಂದಳು.

ಮರಿತ್ ಫೋರ್ಕನ್ನು ತಟ್ಟೆಯಲ್ಲಿಟ್ಟಳು. “ಬುಧವಾರದ ಕ್ಲಾಸಾ?”

“ಗೊತ್ತಾದ ತಕ್ಷಣ ಹೇಳ್ಬೇಡ ಅಷ್ಟೇ ಪುಟ್ಟಿ. ಸ್ವಲ್ಪ ಸುಮ್ನಿರು,” ಎಂದಳು ಬೌಕ್ಯೆ.

“ಗೊತ್ತಿದ್ರೂ ಗೊತ್ತಿಲ್ಲ ಅನ್ಬೇಕಾ?”

“ಅನ್ಬೇಡ. ಸುಮ್ನೆ ಕೂತಿರು.”

“ಸುಮ್ನೆ ಕೂತಿದ್ರೆ ಕ್ಲಿಪ್ಪು ಎಲ್ಲಿ ಹಾಕಿದೀಯ ಅಂತ ಮಿಸ್ ಕೇಳ್ತಾರೆ. ಗುಂಡೀಲಿ ಬರೆದಿರೋದು ‘ನನಗೆ ಬರುವುದಿಲ್ಲ’ ಅಂತ. ನಂಗೆ ಬರುತ್ತಲ್ಲ.”

ವೊಪ್ಕೆ ಕೈಯೊರೆಸಿಕೊಂಡ. “ಆ ಯಮ್ಮನಿಗೆ ಗುಂಡಿ ಬೇಕಾದ್ರೆ ನಾನೇ ಗುದ್ದಲಿ ತಗೊಂಡು ಹೋಗಿ ತೋಡಿ ಕೊಟ್ಟು ಬರ್ತೀನಿ. ತೆಗೆದ್ರೆ ತೆಗೀಲಿ ಬಿಡು ಬೌಕ್ಯೆ. ಸುಳ್ಳು ಹೇಳಿಸ್ಬೇಡ ಮಗು ಹತ್ರ.”

ಹೇಳುವುದಕ್ಕೇನು, ಸುಲಭ. ಅವನು ಬೆಳಗಿನ ಜಾವವೇ ಹಡಗಿಗೆ ಹೋಗುವವನು. ತಿನ್ನದೆ ಬಿಟ್ಟ ಬ್ರೆಡ್ಡಿನ ಮುಂದೆ ಕೂತಿರುವ ಆ ಮುಖವನ್ನು ದಿನಾ ನೋಡುತ್ತಿದ್ದವಳು ಬೌಕ್ಯೆ. ಬುಧವಾರವೂ ಹೋದರೆ ಇನ್ನೇನು ಉಳಿಯಿತು ಈ ಮಗುವಿಗೆ ಎಂಬುದೇ ಅವಳ ಹೆದರಿಕೆ.

ಜನವರಿಯಲ್ಲಿ ಪಕ್ಕದ ಮನೆಯ ರಿನ್ಸ್ಕೆಯ ಹುಟ್ಟುಹಬ್ಬ. ಗೋಡೆಗೆ ಕುರ್ಚಿಗಳನ್ನು ಒತ್ತಿ ಗುಂಡಗೆ ಇಟ್ಟಿದ್ದರು. ಬಂದವರು ನಮ್ಮ ಕಡೆಯ ರೂಢಿಯಂತೆ ರಿನ್ಸ್ಕೆಗೂ ಅವಳ ಗಂಡನಿಗೂ ಅವಳ ಅಮ್ಮನಿಗೂ ಪಕ್ಕದಲ್ಲಿ ಕೂತ ಅಪರಿಚಿತರಿಗೂ ಕೈಕುಲುಕಿ ಶುಭಾಶಯ ಹೇಳಿ, ಕಾಫಿಯ ಜೊತೆ ಒಂದು ತುಂಡು ಕೇಕು ತಿಂದು ಕೂತರು. ರಿನ್ಸ್ಕೆಯ ಮಗಳು ಇಮ್ಕೆಯೂ ಪ್ಲಸ್ ಕ್ಲಾಸಿನವಳೇ.

“ನಮ್ಮ ಇಮ್ಕೆ ಹೊಸ ಲೆಕ್ಕದಲ್ಲಿ ಮೂರು ವಾರ ಗುಂಡೀಲಿದ್ಲು,” ಎಂದಳು ರಿನ್ಸ್ಕೆ, ಎಲ್ಲರಿಗೂ ಕೇಳುವ ಹಾಗೆ. “ಅತ್ತೂ ಅತ್ತೂ ಕಣ್ಣು ಕೆಂಪಾಗಿತ್ತು. ಆಮೇಲೆ ಹತ್ತಿ ಬಂದ್ಲು ನೋಡಿ. ಮಿಸ್ ಚಪ್ಪಾಳೆ ಹೊಡೆಸಿದ್ರು.” ಆಮೇಲೆ ಬೌಕ್ಯೆಯ ಕಡೆ ತಿರುಗಿ ಮೆಲ್ಲಗೆ ನಕ್ಕಳು. “ನಿಮ್ಮ ಮರಿತ್‌ಗೆ ಇದೆಲ್ಲ ಬೇಕಿಲ್ವಂತಲ್ಲ. ನಮ್ಮದು ಸಾಧಾರಣ ಮಗೂಪ್ಪ.”

ಸುತ್ತ ಕೂತವರು ತಮ್ಮ ತಮ್ಮ ಕಾಫಿ ಬಟ್ಟಲನ್ನು ನೋಡಿಕೊಂಡರು. ನಮ್ಮ ಕಡೆ ‘ನಾನು ಸಾಧಾರಣ’ ಎನ್ನುವುದಕ್ಕಿಂತ ದೊಡ್ಡ ಜಂಬವಿಲ್ಲ. ‘ನೀನು ಸಾಧಾರಣಳಲ್ಲ’ ಎನ್ನುವುದಕ್ಕಿಂತ ಕೆಟ್ಟ ಬೈಗುಳವೂ ಇಲ್ಲ.

“ಅವಳೇನು ಬೇಕೂಂತ ಮಾಡ್ತಾಳಾ?” ಎಂದಳು ಬೌಕ್ಯೆ.

“ನಾನೆಲ್ಲಿ ಹಂಗಂದೆ? ಸ್ವಲ್ಪ ಎಲ್ರ ಥರ ಇರೋದು ಕಲೀಲಿ ಅಂದೆ ಅಷ್ಟೇ. ನಮ್ಮ ತಂಗಿ ಮಗಂಗೂ ಜಾಗ ಸಿಗ್ಲಿಲ್ಲ. ಪಾಪ, ಕಾಯ್ತಾ ಇದ್ದಾನೆ.”

ಬೌಕ್ಯೆ ಮನೆಗೆ ಬಂದು ಕೋಟು ತೆಗೆಯುವ ಮೊದಲೇ ನಿರ್ಧಾರ ಮಾಡಿದ್ದಳು. ಇವರಿಗೆ ಬೇಕಾಗಿರುವುದು ಆಟ ತಾನೇ, ಆಡಿ ತೋರಿಸೋಣ. ಗಂಡನಿಗೆ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ವೊಪ್ಕೆ ಹಡಗಿನಲ್ಲಿದ್ದಾಗ ತಾಯಿ ಮಗಳು ಅಡುಗೆಮನೆ ಮೇಜಿನಲ್ಲಿ ಎದುರುಬದುರು ಕೂತರು. ಬೌಕ್ಯೆ ಹಾಳೆ, ಪೆನ್ಸಿಲ್, ರಬ್ಬರ್ ತೆಗೆದಿಟ್ಟಳು.

“ಓದಿದ ಮೇಲೆ ಹುಬ್ಬು ಗಂಟಿಕ್ಕು,” ಎಂದಳು.

“ಯಾಕೆ?”

“ಯೋಚ್ನೆ ಮಾಡೋರು ಹಂಗೆ ಮಾಡ್ತಾರೆ.”

“ನಾನು ಮಾಡಲ್ವಲ್ಲ.”

“ಇವತ್ತಿಂದ ಮಾಡು. ಆಮೇಲೆ ಏನಾದ್ರೂ ತಪ್ಪು ಬರಿ. ಬರೆದು ಅಳಿಸು.”

“ಏನಾದ್ರೂ ಅಂದ್ರೆ ಆಗಲ್ಲಮ್ಮ. ತಪ್ಪಿಗೂ ಒಂದು ಕಾರಣ ಬೇಕು. ಇಮ್ಕೆ ತಪ್ಪು ಮಾಡಿದ್ರೆ ಅದು ಎಲ್ಲಿಂದ ಬಂತು ಅಂತ ನೋಡಿದ್ರೇ ಗೊತ್ತಾಗುತ್ತೆ. ನಾನು ಸುಮ್ನೆ ಏನೋ ಬರೆದ್ರೆ ಮಿಸ್‌ಗೆ ಗೊತ್ತಾಗಿಬಿಡುತ್ತೆ.” ಹುಡುಗಿಯ ಕಣ್ಣು ಹೊಳೆಯಿತು. “ತಾಳು, ಈ ಲೆಕ್ಕದಲ್ಲಿ ಯಾವ ತಪ್ಪು ಮಾಡಿದ್ರೆ ಚೆನ್ನಾಗಿರುತ್ತೆ ನೋಡ್ತೀನಿ.”

ನಾಚಿಕೆಗೇಡಿನ ವಿಷಯ ಏನೆಂದರೆ ಆ ಮಧ್ಯಾಹ್ನ ಇಬ್ಬರಿಗೂ ಖುಷಿಯಾಗಿತ್ತು. ಮರಿತ್ ಒಂದೊಂದು ಲೆಕ್ಕಕ್ಕೂ ಒಂದೊಂದು ಒಳ್ಳೆ ತಪ್ಪನ್ನು ಹುಡುಕಿ ತೆಗೆದಳು. ಬೌಕ್ಯೆ ನಿಟ್ಟುಸಿರು ಬಿಡುವುದು, ಕೆಳತುಟಿ ಕಚ್ಚುವುದು, ರಬ್ಬರಿನಿಂದ ಹಾಳೆ ತೂತಾಗುವ ಹಾಗೆ ಉಜ್ಜುವುದು ಎಲ್ಲ ಕಲಿಸಿದಳು. ಉಜ್ಜಿ ಉಜ್ಜಿ ಇಬ್ಬರೂ ನಕ್ಕರು.

“ಅಳಬೇಕಾ?” ಎಂದು ಕೇಳಿದಳು ಮರಿತ್.

“ಅಳೋದೇನೂ ಬೇಡ.”

“ಇಮ್ಕೆ ಅಳ್ತಾಳೆ. ಕಣ್ಣಲ್ಲಿ ನೀರು ತರಿಸ್ಕೊಂಡು ಕೆಳಗೆ ಬೀಳದ ಹಾಗೆ ನಿಲ್ಲಿಸಿದ್ರೆ ಸಾಕಾ?”

ಬೌಕ್ಯೆ ಆಗಲೇ ನಿಲ್ಲಿಸಬೇಕಿತ್ತು. “ಸಾಕು,” ಎಂದಳು. “ಅಪ್ಪಂಗೆ ಹೇಳ್ಬೇಡ.”

ಫೆಬ್ರವರಿ ರಜೆಗೆ ಮುಂಚಿನ ಆ ಬುಧವಾರ ಬಂತು. ತಂದೆತಾಯಿಯರು ಗೋಡೆಯ ಉದ್ದಕ್ಕೂ ಕಾಫಿ ಹಿಡಿದು ನಿಂತರು. ಕೊರಿನ್ ಮಿಸ್ ಹಾಳೆ ಹಂಚಿದಳು. ಲೆಕ್ಕ ಇಷ್ಟೇ: ಬೇಸಿಗೆಯ ಚೆಂಡಾಟದ ಪಂದ್ಯಕ್ಕೆ ಮೂವತ್ತೇಳು ತಂಡ ಬಂದಿವೆ. ಒಂದೊಂದು ಆಟದಲ್ಲಿ ಎರಡೆರಡು ತಂಡ. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ಜೋಡಿ ಸಿಗದ ತಂಡ ಆ ಸುತ್ತಿನಲ್ಲಿ ಆಡದೆಯೇ ಮುಂದಕ್ಕೆ. ಒಂದೇ ತಂಡ ಉಳಿಯುವ ಹೊತ್ತಿಗೆ ಒಟ್ಟು ಎಷ್ಟು ಆಟ ನಡೆದಿರುತ್ತದೆ?

ಮರಿತ್ ಓದಿದಳು. ಓದಿ ಮುಗಿಸಿ ಒಂದು ಕ್ಷಣ ಕಿಟಕಿಯ ಕಡೆ ನೋಡಿದಳು. ಬೌಕ್ಯೆಗೆ ಆ ನೋಟ ಗೊತ್ತು. ಉತ್ತರ ಸಿಕ್ಕಿದ ನೋಟ ಅದು. ಉಳಿದ ಮಕ್ಕಳು ಇನ್ನೂ ಹೆಸರು ಬರೆಯುತ್ತಿದ್ದರು.

ಆಮೇಲೆ ಹುಡುಗಿ ತಲೆ ತಗ್ಗಿಸಿ ಹುಬ್ಬು ಗಂಟಿಕ್ಕಿದಳು. ಹದಿನೆಂಟು ಜೋಡಿ ಗೆರೆ ಎಳೆದಳು. ಉಳಿದ ಒಂದು ತಂಡಕ್ಕೂ ಒಂದು ಆಟ ಸೇರಿಸಿದಳು. ಒಳ್ಳೆಯ ತಪ್ಪು, ಯಾವ ಮಗು ಬೇಕಾದರೂ ಮಾಡಬಹುದಾದಂಥದ್ದು. ಕೂಡಿದಳು, ಅಳಿಸಿದಳು, ಮತ್ತೆ ಎಳೆದಳು. ಇಮ್ಕೆಯ ಹಾಳೆಯ ಕಡೆ ಕಳ್ಳನೋಟ ಬೀರಿದಳು. ತುಟಿ ಕಚ್ಚಿದಳು. ರಬ್ಬರು ಉಜ್ಜಿ ಹಾಳೆ ಹರಿಯಿತು. ಹರಿದ ಹಾಳೆಯನ್ನು ನೋಡುತ್ತ ಕೂತವಳ ಕಣ್ಣಲ್ಲಿ ನೀರು ತುಂಬಿ ನಿಂತಿತು, ಬೀಳಲಿಲ್ಲ.

ಕೊರಿನ್ ಮಿಸ್ ಬಂದು ಅವಳ ಪಕ್ಕದಲ್ಲಿ ಮಂಡಿಯೂರಿದಳು. “ಎಲ್ಲಿದ್ದೀಯ ಮರಿತ್?”

“ತಳದಲ್ಲಿ,” ಎಂದಳು ಮರಿತ್, ಸಣ್ಣ ದನಿಯಲ್ಲಿ.

ಮಿಸ್ಸಿನ ಕಣ್ಣೂ ಒದ್ದೆಯಾಯಿತು. ಅವಳು ಕೆಟ್ಟವಳಲ್ಲ, ಅದನ್ನೂ ಹೇಳಿಬಿಡಬೇಕು. ಮಗುವಿನ ಕೈಹಿಡಿದು ಗೋಡೆಯ ಹತ್ತಿರ ಕರೆದೊಯ್ದಳು. ಮರಿತ್ ತನ್ನ ಕ್ಲಿಪ್ಪನ್ನು ಗುಂಡಿಯ ತಳದಲ್ಲಿ ಸಿಕ್ಕಿಸಿದಳು. “ಎಲ್ರೂ ಚಪ್ಪಾಳೆ ಹೊಡೀರಿ. ಇದಕ್ಕೆ ತುಂಬಾ ಧೈರ್ಯ ಬೇಕು,” ಎಂದಳು ಮಿಸ್. ಎಲ್ಲರೂ ಹೊಡೆದರು. ರಿನ್ಸ್ಕೆ ಬೌಕ್ಯೆಯ ಪಕ್ಕೆ ತಿವಿದು, “ನೋಡ್ದಾ, ಕೊನೆಗೂ ನಮ್ಮ ಮಕ್ಕಳ ಥರಾನೇ ಆದ್ಲು,” ಎಂದಳು. ಬೌಕ್ಯೆಯೂ ಚಪ್ಪಾಳೆ ಹೊಡೆದಳು.

ಕೊನೆಯಲ್ಲಿ ಮಿಸ್ ಬೋರ್ಡಿನ ಹತ್ತಿರ ನಿಂತು ವಿವರಿಸಿದಳು. ಗೆರೆ ಎಳೆಯುವುದೇ ಬೇಡ. ಒಂದು ಆಟಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ. ಮೂವತ್ತೇಳರಲ್ಲಿ ಒಂದು ಉಳಿಯಬೇಕಾದರೆ ಮೂವತ್ತಾರು ಮನೆಗೆ ಹೋಗಬೇಕು. ಹಾಗಾಗಿ ಮೂವತ್ತಾರು ಆಟ. “ಓ,” ಎಂದಳು ಮರಿತ್, ಬಾಯಿ ತೆರೆದು, ಕಣ್ಣರಳಿಸಿ. ಆ ‘ಓ’ವನ್ನು ಬೌಕ್ಯೆ ಕಲಿಸಿರಲಿಲ್ಲ.

ಬಾಗಿಲಲ್ಲಿ ಕೊರಿನ್ ಮಿಸ್ ಬೌಕ್ಯೆಯ ಎರಡೂ ಕೈ ಹಿಡಿದುಕೊಂಡಳು. “ಅವಳ ಜಾಗ ಭದ್ರ. ಮುಂದಿನ ವರ್ಷಕ್ಕೂ. ಎಷ್ಟು ಬೆಳೆದುಬಿಟ್ಲು ನೋಡಿ,” ಎಂದಳು.

ಗಾಳಿಗೆದುರಾಗಿ ಸೈಕಲ್ ತುಳಿದು ಇಬ್ಬರೂ ಮನೆಗೆ ಬಂದರು. ದಾರಿಯುದ್ದಕ್ಕೂ ಬೌಕ್ಯೆಗೆ ಒಳಗೊಳಗೇ ನಗು. ಬಾಗಿಲು ಹಾಕಿಕೊಂಡು ಇಬ್ಬರೂ ಹೊಟ್ಟೆ ತುಂಬ ನಗೋಣ, ಮಿಸ್ಸನ್ನೂ ರಿನ್ಸ್ಕೆಯನ್ನೂ ಆಡಿಕೊಳ್ಳೋಣ ಎಂದು ಕಾದಿದ್ದಳು. ಹಾಲು ಬಿಸಿಮಾಡಿ ಚಾಕಲೇಟ್ ಕಲಸಿ ಮಗಳ ಮುಂದಿಟ್ಟಳು.

“ಈಗ ಹೇಳು. ಓದ್ತಾ ಓದ್ತಾನೇ ಬಂದಿತ್ತಲ್ವಾ?”

“ಇಲ್ಲಮ್ಮ,” ಎಂದಳು ಮರಿತ್. “ಬರ್ಲೇ ಇಲ್ಲ. ಮಿಸ್ ಹೇಳಿದ್ಮೇಲೇ ಗೊತ್ತಾಗಿದ್ದು.”

“ಏ, ನನ್ನ ಹತ್ರ ಯಾಕೆ ನಾಟಕ? ಕಲಿಸಿದೋಳೇ ನಾನು.”

“ನಾಟಕ ಅಲ್ಲಮ್ಮ.”

“ಸರಿ ಬಿಡು. ನಲವತ್ತು ತಂಡ ಇದ್ದಿದ್ರೆ ಎಷ್ಟು ಆಟ?”

ಮರಿತ್ ಹಾಳೆ ಎಳೆದುಕೊಂಡಳು. ಹುಬ್ಬು ಗಂಟಿಕ್ಕಿ ಜೋಡಿ ಜೋಡಿ ಗೆರೆ ಎಳೆಯತೊಡಗಿದಳು. ಇಪ್ಪತ್ತು, ಹತ್ತು, ಐದು. ಐದಕ್ಕೆ ಬಂದು ನಿಂತು ಪೆನ್ಸಿಲ್ ಕಚ್ಚಿದಳು, ಅಳಿಸಿದಳು, ಮೇಲಿನಿಂದ ಮತ್ತೆ ಎಣಿಸಿದಳು. ಹುಡುಗಿ ಇನ್ನೇನು ನಗುತ್ತಾಳೆ, ಇನ್ನೇನು ನಗುತ್ತಾಳೆ ಎಂದು ಬೌಕ್ಯೆ ನೋಡುತ್ತಿದ್ದಳು. ಬಟ್ಟಲಿನ ಹಾಲಿನ ಮೇಲೆ ಕೆನೆ ಕಟ್ಟಿತು.

“ಮೂವತ್ತೊಂಬತ್ತು ಅಲ್ವೇನೇ,” ಎಂದಳು ಕೊನೆಗೆ, ತಡೆಯಲಾರದೆ. “ನಂಗೇ ಗೊತ್ತು.”

ಮರಿತ್ ಹಾಳೆ ನೋಡಿದಳು, ಅಮ್ಮನನ್ನು ನೋಡಿದಳು. ಕಣ್ಣರಳಿಸಿದಳು. “ಓ. ಹೌದಲ್ಲ,” ಎಂದಳು. “ನಿಂಗೆ ಎಷ್ಟು ಬೇಗ ಬಂತಮ್ಮ.”

ಬೌಕ್ಯೆ ಮೇಜಿನ ಮೇಲೆ ಬಾಗಿ ಮಗಳ ಗಲ್ಲ ಹಿಡಿದೆತ್ತಿ ಮುಖವನ್ನೇ ನೋಡಿದಳು. ಎಲ್ಲಾದರೂ ಒಂದು ಚೂರು ತುಂಟತನ ಇದೆಯೇ ಎಂದು ಹುಡುಕಿದಳು. ತನ್ನನ್ನು ಆಡಿಕೊಳ್ಳುತ್ತಿದ್ದಾಳೆ ಎಂದಿದ್ದರೂ ಆಗುತ್ತಿತ್ತು, ಬಾಚಿ ತಬ್ಬಿಕೊಂಡುಬಿಡುತ್ತಿದ್ದಳು. ಹೆತ್ತವಳಿಗೆ ಆ ಮುಖದಲ್ಲಿ ಏನೂ ಓದಲಾಗಲಿಲ್ಲ. ಅವಳಿಗೆ ಭಯವಾಯಿತು.

“ಇನ್ನೊಂದು ಕೇಳ್ಲಾ?” ಎಂದಳು.

“ಬೇಡಮ್ಮ,” ಎಂದಳು ಮರಿತ್. “ಲೆಕ್ಕ ನಂಗೆ ಕಷ್ಟ.” ಗಲ್ಲದ ಮೇಲಿನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಕೆನೆಯನ್ನು ಚಮಚದಿಂದ ಪಕ್ಕಕ್ಕೆ ತಳ್ಳಿ, ಹಾಲು ಕುಡಿದಳು.